ಫುಟ್ಬಾಲ್ ಮೇಷ್ಟ್ರನ್ನು ಊರಲ್ಲಿ ನಿಲ್ಲಿಸಿದ ಬಗೆ

ನಮ್ಮೂರ ಹೈಸ್ಕೂಲಿನಲ್ಲಿ ಫುಟ್ಬಾಲ್ ಮೇಷ್ಟ್ರು ನಿಲ್ಲುತ್ತಿರಲಿಲ್ಲ. ಒಬ್ಬರನ್ನಾದರೂ ನಿಲ್ಲಿಸಿಕೊಳ್ಳಬೇಕೆಂದು ಕೊನೆಗೆ ನನ್ನನ್ನು ಕೊಟ್ಟು ಮದುವೆ ಮಾಡಿದರು. ಇದನ್ನು ಹೇಳಿದಾಗ ಕೇಳಿದವರು ನಗುತ್ತಾರೆ. ನಗಲಿ. ನಾನೇ ಎಷ್ಟೋ ಸಲ ನಗಿಸುವುದಕ್ಕೆಂದು ಹೇಳಿದ್ದೇನೆ. ಆದರೆ ಪೂರ್ತಿ ಕತೆಯನ್ನು ಯಾರಿಗೂ ಹೇಳಿಲ್ಲ, ಏಕೆಂದರೆ ಅರ್ಧಕ್ಕೆ ಬರುವಷ್ಟರಲ್ಲಿ ನನಗೆ ಸಿಟ್ಟು ಬಂದುಬಿಡುತ್ತದೆ.

ನಮ್ಮದು ತೂಬಗೆರೆ ಹೋಬಳಿ. ಸುತ್ತಲಿನ ಎಲ್ಲ ಊರಲ್ಲೂ ಕಬಡ್ಡಿ, ಖೋ ಖೋ, ವಾಲಿಬಾಲ್. ನಮ್ಮೂರಲ್ಲಿ ಮಾತ್ರ ಫುಟ್ಬಾಲ್. ಶಾಲೆ ಕಟ್ಟಿಸಿದ ಹಿರಿಯರು ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ದುಡಿದು, ಅಲ್ಲಿಯ ತಂಡದಲ್ಲಿ ಆಡಿ, ನಿವೃತ್ತರಾಗಿ ಊರಿಗೆ ಬಂದವರು. ಶಾಲೆಗೆ ಹಂಚು ಹೊದಿಸುವ ಮೊದಲೇ ಮೈದಾನಕ್ಕೆ ನೀಲಗಿರಿ ಕಂಬ ನೆಟ್ಟು ಗೋಲು ಮಾಡಿಸಿದರಂತೆ. ಅವರು ಹೋದ ಮೇಲೂ ಆಟ ಉಳಿಯಿತು. ಬರಿಗಾಲಲ್ಲಿ ಆಡುತ್ತಿದ್ದ ಹುಡುಗರು ವರ್ಷ ವರ್ಷ ತಾಲ್ಲೂಕು ಗೆದ್ದು ಜಿಲ್ಲೆಗೆ ಹೋಗುತ್ತಿದ್ದರು. ತಾಲ್ಲೂಕಿನಲ್ಲಿ ಫುಟ್ಬಾಲ್ ತಂಡಗಳೇ ಬೆರಳೆಣಿಕೆಯಷ್ಟು ಎನ್ನುವುದು ಬೇರೆ ಮಾತು. ಪಕ್ಕದೂರಿನವರು, "ಇವ್ರು ಗೆದ್ರೆ ಫಸ್ಟು, ಸೋತ್ರೆ ಸೆಕೆಂಡು, ಮೂರ್ನೇಯೋರು ಯಾರು ಅಂತ ದೇವ್ರೇ ಹೇಳ್ಬೇಕು" ಎಂದು ಹಂಗಿಸುತ್ತಿದ್ದರು. ನಮ್ಮವರಿಗೆ ಅದೂ ಹೆಮ್ಮೆಯೇ. ಪಂಚಾಯ್ತಿ ಚುನಾವಣೆಯಲ್ಲಿ ಮುಖ ತಿರುಗಿಸಿಕೊಂಡವರು ಕೂಡ ಮ್ಯಾಚಿನ ದಿನ ಒಂದೇ ಟ್ರ್ಯಾಕ್ಟರಿನಲ್ಲಿ ಕೂತು ಹೋಗುತ್ತಿದ್ದರು.

ಸರ್ಕಾರ ಕೊಟ್ಟಿದ್ದ ಪಿ.ಟಿ. ಮೇಷ್ಟ್ರ ಹುದ್ದೆ ಹಳೆಯ ಮೇಷ್ಟ್ರು ನಿವೃತ್ತರಾದ ದಿನಕ್ಕೇ ಮುಗಿಯಿತು. ಆಮೇಲೆ ಆ ಜಾಗಕ್ಕೆ ಯಾರನ್ನೂ ಕಳಿಸಲಿಲ್ಲ. ಶಾಲೆಯ ಕಮಿಟಿಯೇ ಚಂದಾ ಎತ್ತಿ ಒಬ್ಬೊಬ್ಬರನ್ನು ನೇಮಿಸಿಕೊಳ್ಳತೊಡಗಿತು. ನಮ್ಮಪ್ಪ ಆ ಕಮಿಟಿಯ ಕಾರ್ಯದರ್ಶಿ. ಊರಿನ ಹಾಲಿನ ಡೇರಿಗೂ ಅವರೇ ಕಾರ್ಯದರ್ಶಿ. ದ್ರಾಕ್ಷಿ ತೋಟದ ದೊಡ್ಡ ಮನೆಯ ಯಜಮಾನರೊಬ್ಬರು ಕಮಿಟಿಯ ಅಧ್ಯಕ್ಷರು. ಅಧ್ಯಕ್ಷರು ಹೇಳುವುದು, ಅಪ್ಪ ಮಾಡುವುದು. ಮೀಟಿಂಗು ನಡೆಯುತ್ತಿದ್ದದ್ದು ನಮ್ಮ ಮನೆ ಜಗಲಿಯ ಮೇಲೆ, ಕಾಫಿ ನಮ್ಮಮ್ಮನದು.

ಆಗ ದೇವನಹಳ್ಳಿ ಕಡೆ ವಿಮಾನ ನಿಲ್ದಾಣದ ಕೆಲಸ ಶುರುವಾಗಿತ್ತು. ರಸ್ತೆಯಲ್ಲಿ ಹಗಲೂ ರಾತ್ರಿ ಟಿಪ್ಪರುಗಳು. ಸುತ್ತಮುತ್ತ ಎತ್ತರದ ಆಳು, ಗಟ್ಟಿ ದನಿ, ಹತ್ತು ಜನರನ್ನು ಸಾಲಾಗಿ ನಿಲ್ಲಿಸಬಲ್ಲ ಗತ್ತು ಇರುವವರಿಗೆಲ್ಲ ಕೆಲಸ ಸಿಗುತ್ತಿತ್ತು. ಪಿ.ಟಿ. ಮೇಷ್ಟ್ರಿಗೆ ಬೇಕಾದದ್ದೂ ಅದೇ ಮೂರು ಗುಣ. ಕೋಲಾರದ ಕಡೆಯಿಂದ ಬಂದ ಮೊದಲನೆಯವರು ಒಂದು ಬೆಳಿಗ್ಗೆ ಸೀಟಿಯನ್ನು ಹೆಡ್ ಮೇಷ್ಟ್ರ ಮೇಜಿನ ಮೇಲಿಟ್ಟು ಗಾರ್ಡುಗಳ ಸೂಪರ್‌ವೈಸರ್ ಆಗಲು ಹೋದರು. ಅವರ ನಂತರ ಬಂದವರಿಗೆ ಮೋಟಾರ್ ಸೈಕಲ್ ಇತ್ತು, ಮಾತು ಬರುತ್ತಿತ್ತು, ನಮ್ಮ ಹುಡುಗರ ಮನೆಗಳಿಗೆ ಹೋಗಿ ಬಂದು ಯಾರ ಹೊಲ ಯಾವುದೆಂದು ತಿಳಿದಿತ್ತು. ಅವರು ಸೈಟಿನ ದಲ್ಲಾಳಿಯಾದರು. ಇನ್ನೊಬ್ಬರನ್ನು ಹೆದ್ದಾರಿ ಪಕ್ಕದಲ್ಲಿ ಹೊಸದಾಗಿ ಎದ್ದ ಹುಲ್ಲಿನ ಮೈದಾನದ ದೊಡ್ಡ ಶಾಲೆಯವರು ಎಳೆದುಕೊಂಡರು, ಅದೂ ಜಿಲ್ಲಾ ಪಂದ್ಯಕ್ಕೆ ಮೂರು ದಿನ ಇರುವಾಗ. ಆ ವರ್ಷ ಕನ್ನಡ ಮೇಷ್ಟ್ರು ಸೀಟಿ ಹಿಡಿದು ಹೋದರು. ಹುಡುಗರು ತಗ್ಗಿಸಿದ ಮುಖ ಎತ್ತದೆ ವಾಪಸು ಬಂದರು.

ಊರಿಗೆ ಅದು ದೊಡ್ಡ ಅವಮಾನವಾಯಿತು. ನಮ್ಮಪ್ಪ ಎರಡು ದಿನ ಡೇರಿಗೆ ಹೋಗಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಒಬ್ಬರು ಬಂದರು. ತೆಳ್ಳಗೆ, ಉದ್ದ ಕಾಲು, ಬಿ.ಪಿ.ಎಡ್. ಮುಗಿಸಿ ಎರಡು ಕಡೆ ಕೆಲಸ ಮಾಡಿದ್ದವರು. ಜಗಲಿಯ ಮೇಲೆ ಸಂದರ್ಶನ. ನಾನು ಕಾಫಿ ತಂದುಕೊಟ್ಟೆ. ದೊಡ್ಡಬಳ್ಳಾಪುರದ ಕಾಲೇಜಿನಲ್ಲಿ ಮೊದಲನೇ ವರ್ಷದ ಬಿ.ಎಸ್ಸಿ. ಮುಗಿಸಿದ್ದವಳು, ರಜೆಯಲ್ಲಿ ಮನೆಯಲ್ಲಿದ್ದೆ.

"ಯಾವ ಕಡೇರಪ್ಪಾ ನೀವು?" ಅಂದರು ಅಧ್ಯಕ್ಷರು.

"ಮಾಗಡಿ ಕಡೆ ಸಾರ್."

"ಮನೆದೇವ್ರು ಯಾವ್ದು?"

ಹೇಳಿದರು. ಅಧ್ಯಕ್ಷರೂ ಅಪ್ಪನೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮನೆದೇವರನ್ನು ಕೇಳಿದರೆ ಉಳಿದದ್ದನ್ನೆಲ್ಲ ಕೇಳಿದ ಹಾಗೆಯೇ, ಜಾತಿಯನ್ನು ಬಾಯಿಬಿಟ್ಟು ಕೇಳುವ ಮುಜುಗರ ಇಲ್ಲ. ತಂದೆ ಇಲ್ಲ, ತಾಯಿ ಅಣ್ಣನ ಮನೆಯಲ್ಲಿದ್ದಾರೆ, ಮದುವೆಯಾಗಿಲ್ಲ. ಇಷ್ಟು ತಿಳಿದುಕೊಂಡು ಸಂದರ್ಶನ ಮುಗಿಸಿದರು. ಫುಟ್ಬಾಲಿನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅವರಾಗಿಯೇ, "ಮೈದಾನ ಒಂದ್ಸಲ ನೋಡ್ಬೋದಾ ಸಾರ್?" ಎಂದು ಕೇಳಿ, ಬಿಸಿಲಲ್ಲಿ ಒಬ್ಬರೇ ಹೋಗಿ ಕಲ್ಲು ಆಯ್ದು ಒಂದು ಮೂಲೆಗೆ ಹಾಕುತ್ತಿದ್ದದ್ದನ್ನು ನಾನು ಮಹಡಿಯಿಂದ ನೋಡಿದೆ.

ನಿಜ ಹೇಳಬೇಕೆಂದರೆ ಅವರು ನನಗೆ ಆವತ್ತೇ ಇಷ್ಟವಾದರು. ನನ್ನ ಗ್ರಹಚಾರವೆಲ್ಲ ಅಲ್ಲೇ ಇದೆ. ಇಷ್ಟವಿಲ್ಲದ ಮದುವೆಯಾಗಿದ್ದರೆ ಇಷ್ಟು ಹೊತ್ತಿಗೆ ಯಾರನ್ನಾದರೂ ಹಾಯಾಗಿ ಬೈದುಕೊಂಡು ಇರುತ್ತಿದ್ದೆ.

ಅವರು ಬಂದ ಮೇಲೆ ಆಟದ ಚಹರೆಯೇ ಬದಲಾಯಿತು. ಹುಡುಗರು ಚೆಂಡಿನ ಹಿಂದೆ ಗುಂಪಾಗಿ ಓಡುವುದನ್ನು ಬಿಟ್ಟು ತಮ್ಮ ತಮ್ಮ ಜಾಗದಲ್ಲಿ ನಿಲ್ಲುವುದನ್ನು ಕಲಿತರು. ಮೇಷ್ಟ್ರು ಹೊಡೆಯುತ್ತಿರಲಿಲ್ಲ, ಬಯ್ಯುತ್ತಲೂ ಇರಲಿಲ್ಲ. ತಪ್ಪು ಮಾಡಿದವನನ್ನು ಗೆರೆಯ ಹೊರಗೆ ಕೂರಿಸುತ್ತಿದ್ದರು, ಅಷ್ಟೇ. ಆಡಲಿಕ್ಕೆ ಬಿಡದಿರುವುದಕ್ಕಿಂತ ದೊಡ್ಡ ಶಿಕ್ಷೆ ಇಲ್ಲವೆಂದು ಹುಡುಗರಿಗೆ ಗೊತ್ತಾಗಿತ್ತು. ಆ ವರ್ಷ ಜಿಲ್ಲೆ ಗೆದ್ದು ವಿಭಾಗ ಮಟ್ಟಕ್ಕೆ ಹೋದರು. ಊರವರು ಮೇಷ್ಟ್ರನ್ನು ಹೆಗಲ ಮೇಲೆ ಹೊತ್ತು ತಂದರು. ಆ ಸಂಜೆಯಿಂದಲೇ ಕಮಿಟಿಗೆ ಭಯ ಶುರುವಾಯಿತು. ಇಷ್ಟು ಒಳ್ಳೆಯವರನ್ನು ಯಾರು ಬಿಟ್ಟಾರು?

ಅಧ್ಯಕ್ಷರೂ ಅಪ್ಪನೂ ಜಗಲಿಯಲ್ಲಿ ಮಾತಾಡುತ್ತಿದ್ದರು. ನಾನು ಒಳಗೆ ಹುರುಳಿಕಾಯಿ ಬಿಡಿಸುತ್ತಿದ್ದೆ.

"ಸಂಬಳ ಜಾಸ್ತಿ ಮಾಡಾನ ಅಂದ್ರೆ ಎಲ್ಲಿಂದ ತರಾದು? ಏರ್‌ಪೋರ್ಟ್‌ನೋರ ಜೊತೆ ನಮ್ಗೆ ಪೈಪೋಟಿಯಾ?" ಅಂದರು ಅಧ್ಯಕ್ಷರು. "ನಮ್ಮೋನೇ. ಗುಣ ನೋಡಿದೀವಿ. ನಿಮ್ಮುಡ್ಗೀನ್ ಕೊಟ್ಬುಡು. ಕಟ್ಕೊಂಡೋಳು ಕಡೇತನ್ಕ ಅಂತ ಗಾದೆ ಸುಮ್ನೆ ಮಾಡವ್ರಾ? ಹೆಂಡ್ತಿ ಊರಾಗೇ ಇದ್ರೆ ಎಲ್ಲೋಯ್ತಾನೆ?"

"ಹುಡ್ಗಿ ಓದ್ತಾವ್ಳೆ," ಅಂದರು ಅಪ್ಪ.

"ಓದ್ಲಿ. ಮೇಷ್ಟ್ರು ಮನೇಲಿ ಓದೋಕೆ ಬರಗಾಲವಾ?"

ಅಪ್ಪ ನಕ್ಕರು. ಆ ನಗು ನನಗೆ ಕೇಳಿಸಿತು. ಅಮ್ಮ ಒಲೆಯ ಮುಂದಿನಿಂದ ನನ್ನ ಕಡೆ ನೋಡಿದಳು, ನಾನು ಕಾಯಿ ಬಿಡಿಸುತ್ತಲೇ ಇದ್ದೆ. ಅವರನ್ನು ಮದುವೆಯಾಗುವುದು ನನಗೆ ಬೇಡವಾಗಿರಲಿಲ್ಲ. ಅದನ್ನು ಕಮಿಟಿ ತೀರ್ಮಾನಿಸಿದ್ದು ಬೇಡವಾಗಿತ್ತು. ಎರಡನ್ನೂ ಬೇರೆ ಮಾಡಿ ಹೇಳುವುದು ಹೇಗೆಂದು ತೋಚಲಿಲ್ಲ.

ಘಾಟಿ ದೇವಸ್ಥಾನದ ಛತ್ರದಲ್ಲಿ ಮದುವೆಯಾಯಿತು. ಫುಟ್ಬಾಲ್ ತಂಡದ ಹುಡುಗರೇ ಎಲೆ ಹಾಕಿ ಬಡಿಸಿದರು. ಅಧ್ಯಕ್ಷರು ಅಕ್ಷತೆ ಹಾಕುತ್ತಾ ಎಲ್ಲರಿಗೂ ಕೇಳುವಂತೆ, "ಇನ್ನು ಹತ್ತೊರ್ಷ ನಮ್ಗೆ ಯೋಚ್ನೆ ಇಲ್ಲ ಬಿಡ್ರಪ್ಪ," ಅಂದರು. ಮಾಗಡಿಯಿಂದ ಬಂದಿದ್ದ ನಮ್ಮತ್ತೆ ಅದೇನೆಂದು ಅರ್ಥವಾಗದೆ ಸುಮ್ಮನೆ ತಲೆಯಾಡಿಸಿದರು. ಶಾಲೆಯ ಹಿಂದೆ ಇದ್ದ ಎರಡು ಕೋಣೆಗಳಲ್ಲಿ ನಮ್ಮ ಸಂಸಾರ ಹೂಡಿದೆವು.

ಕೆಟ್ಟದ್ದು ಯಾವ ಕಡೆಯಿಂದ ಬರುತ್ತದೆಂದು ಯಾರೂ ಯೋಚಿಸಿರಲಿಲ್ಲ. ಅದು ಮೈದಾನದಿಂದಲೇ ಬಂತು. ಮದುವೆಯಾದ ಮೊದಲ ಸೋಮವಾರ ಅವರು ಅಭ್ಯಾಸಕ್ಕೆ ಹೋದಾಗ ಅರ್ಧ ತಂಡ ಅವರನ್ನು "ಬಾವ" ಎಂದು ಕರೆಯಿತು. ತಪ್ಪೇನಿಲ್ಲ. ನಮ್ಮೂರಿನಲ್ಲಿ ನನಗೆ ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳಾಗಬೇಕಾದವರು ಬೀದಿಗೆ ನಾಲ್ಕು ಮನೆ. ಆ ಹುಡುಗರಿಗೆಲ್ಲ ಅವರು ಬಾವನೇ. ಮಿಕ್ಕವರಿಗೆ ಮಾವ. ನಿನ್ನೆಯವರೆಗೆ ಸಾರ್ ಆಗಿದ್ದವರು ಊರಿಗೆಲ್ಲ ಅಳಿಯನಾಗಿಬಿಟ್ಟರು, ನಮ್ಮಲ್ಲಿ ಬಾವನನ್ನು ಗೇಲಿ ಮಾಡುವುದು ಬಾಮೈದನ ಹಕ್ಕು.

ನಮ್ಮ ಚಿಕ್ಕಪ್ಪನ ಮಗನೊಬ್ಬ ಹಿಂದಿನ ಸಾಲಿನಲ್ಲಿ ಆಡುತ್ತಿದ್ದ. ಒಂದು ದಿನ ತಡವಾಗಿ ಬಂದ. ಎಂದಿನಂತೆ ಅವರು ಗೆರೆಯ ಹೊರಗೆ ಕೂರಲು ಹೇಳಿದರು.

"ಬಿಡಿ ಬಾವ, ಮನೆಯೋರೇ ಅಲ್ವಾ," ಎಂದು ಅವನು ನಗುತ್ತಾ ಒಳಗೆ ಓಡಿದ. ಎಲ್ಲರೂ ನಕ್ಕರು. ಅವರು ಅವನ ತೋಳು ಹಿಡಿದು ಎಳೆದು ತಂದು ಹೊರಗೆ ಕೂರಿಸಿದರು. ಕತ್ತಲಾಗುವ ಮೊದಲೇ ನಮ್ಮ ಚಿಕ್ಕಮ್ಮ ನನ್ನ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಏನವ್ವಾ, ಬಾಮೈದನ ಮೇಲೆ ಕೈ ಮಾಡೋ ಬಾವನ್ನ ನಾನೆಲ್ಲೂ ಕಾಣೆ. ನಿನ್ ಗಂಡಂಗೆ ಹೇಳು, ಹೆಣ್ಣು ಕೊಟ್ಟೋರ ಮನೆ ಹುಡ್ಗ ಅವ್ನು."

ನಾನು ಹೇಳಿದೆ, ಶಾಲೆಯಲ್ಲಿ ಅವರು ಮೇಷ್ಟ್ರು ಅಂತ. "ಶಾಲೆ ಯಾರ್ದು? ನಿಮ್ಮಪ್ಪಂದು ತಾನೆ?" ಅಂದಳು. ನನ್ನ ಗಂಡ ಒಳಗೆ ಕೂತು ಕೇಳಿಸಿಕೊಳ್ಳುತ್ತಿದ್ದರು.

ಹೀಗೆ ಮನೆಗೆ ಒಂದೊಂದು ದೂರು. ನನ್ನ ಮಗನನ್ನು ಯಾಕೆ ಮುಂದೆ ಆಡಿಸಲ್ಲ, ಇವನನ್ನು ಯಾಕೆ ಹೊರಗಿಟ್ಟಿರಿ ಎಂದು ಹೆಂಗಸರು ನನ್ನನ್ನು ನಲ್ಲಿಯ ಹತ್ತಿರ ನಿಲ್ಲಿಸಿ ಕೇಳುತ್ತಿದ್ದರು. ಫುಟ್ಬಾಲ್ ತಂಡದ ಆಯ್ಕೆ ನನ್ನ ಅಡುಗೆಮನೆಗೆ ಬಂದು ಕೂತಿತ್ತು. ಒಂದು ಸಲ ನನಗೆ ರೇಗಿ, "ನಿಮ್ಮುಡ್ಗ ಚೆಂಡು ಕಂಡ್ರೆ ಕಣ್ ಮುಚ್ಕೋತಾನೆ, ಅದಕ್ಕೆ," ಅಂದುಬಿಟ್ಟೆ. ಆ ಮನೆಯವರು ನಮ್ಮಪ್ಪನ ಡೇರಿಗೆ ಹಾಲು ಹಾಕುವುದನ್ನು ನಿಲ್ಲಿಸಿದರು.

ಇನ್ನು ಸಂಬಳ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮದುವೆಗೆ ಮುಂಚೆ ತಡವಾಗಿಯಾದರೂ ಬರುತ್ತಿತ್ತು. ಮದುವೆಯಾದ ಮೇಲೆ ನಿಂತುಹೋಯಿತು. ಯಾರೂ ಕೊಡುವುದಿಲ್ಲ ಅನ್ನಲಿಲ್ಲ. ಮನೆ ಅಳಿಯನಿಗೆ ತಿಂಗಳಾ ತಿಂಗಳಾ ಎಣಿಸಿ ಕೊಡುವುದು ಮರ್ಯಾದೆ ಅಲ್ಲ ಅಂದುಕೊಂಡರು. ಬದಲಿಗೆ ಅಪ್ಪ ರಾಗಿ ಕಳಿಸುತ್ತಿದ್ದರು, ಅಧ್ಯಕ್ಷರ ತೋಟದಿಂದ ಬುಟ್ಟಿ ಬುಟ್ಟಿ ದ್ರಾಕ್ಷಿ ಬರುತ್ತಿತ್ತು. ತಾಯಿಯ ಔಷಧಿಗೆ ದುಡ್ಡು ಕಳಿಸಬೇಕಾದಾಗ ನನ್ನ ಗಂಡ ನನ್ನನ್ನು ಕೇಳಬೇಕಾಯಿತು, ನಾನು ಅಮ್ಮನನ್ನು ಕೇಳಬೇಕಾಯಿತು. ಅಮ್ಮ ಸಾಸಿವೆ ಡಬ್ಬಿಯಿಂದ ತೆಗೆದುಕೊಡುವಾಗ, "ಮನೆ ಅಳಿಯ ಮನೆ ತೊಳಿಯ ಅಂತಾರೆ, ನಿನ್ ಗಂಡಂಗೆ ಆ ಗತಿ ತಂದ್ಬುಟ್ರಲ್ಲ," ಅಂದಳು. ಅವಳೊಬ್ಬಳಿಗೆ ಅರ್ಥವಾಗಿತ್ತು.

ಆ ವರ್ಷ ತಂಡ ತಾಲ್ಲೂಕಿನಲ್ಲೇ ಸೋತಿತು. ಒಳ್ಳೆಯ ಆಟಗಾರರಿಬ್ಬರು ಶಾಲೆ ಬಿಟ್ಟು ಟಿಪ್ಪರಿನ ಕ್ಲೀನರುಗಳಾಗಿದ್ದರು. ಉಳಿದವರಿಗೆ ಬಾವನ ಮಾತೆಂದರೆ ಅಷ್ಟಕ್ಕಷ್ಟೆ. ಸೋತು ಬಂದ ಸಂಜೆ ಅವರು ಬಸ್ ನಿಲ್ದಾಣದ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದಾಗ ಪಕ್ಕದ ಬೆಂಚಿನಲ್ಲಿ ಕೂತವನೊಬ್ಬ ಬೇಕೆಂದೇ ಕೇಳುವಂತೆ ಹೇಳಿದನಂತೆ, ಕಮಿಟಿಯೋರು ಹುಡ್ಗಿ ಕೊಟ್ಟು ಕಟ್ಟಾಕಿದ್ದೇನೋ ಸರಿ, ಹೊಟ್ಟೆ ತುಂಬಿದ ಮೇಲೆ ಎತ್ತು ಉಳ್ತದಾ, ಎಂದು.

ಮನೆಗೆ ಬಂದು ಕಾಲು ತೊಳೆದುಕೊಂಡು ಹೊಸಿಲ ಮೇಲೆ ಕೂತರು.

"ನಿಂಗೆ ಗೊತ್ತಿತ್ತಾ?" ಎಂದು ಕೇಳಿದರು.

ಏನು ಎಂದು ನಾನು ಕೇಳಬಹುದಿತ್ತು. ಕೇಳಲಿಲ್ಲ. "ಗೊತ್ತಿತ್ತು," ಅಂದೆ. "ಆದ್ರೆ ನಾನು ಒಪ್ಕೊಂಡಿದ್ದು ಅವ್ರಿಗೋಸ್ಕರ ಅಲ್ಲ."

ಅವರು ತಲೆಯಾಡಿಸಿದರು. ನಂಬಿದರೋ ಇಲ್ಲವೋ ಆವತ್ತು ಗೊತ್ತಾಗಲಿಲ್ಲ. ಊಟ ಮಾಡಿದರು, ಬೆಳಿಗ್ಗೆ ಎದ್ದು ಎಂದಿನಂತೆ ಮೈದಾನಕ್ಕೆ ಹೋದರು. ಆದರೆ ಅಂದಿನಿಂದ ನನ್ನ ಹತ್ತಿರ ಆಟದ ಮಾತು ಆಡುವುದನ್ನು ಬಿಟ್ಟರು. ಅದಕ್ಕೆ ಮುಂಚೆ ಊಟದ ತಟ್ಟೆಯಲ್ಲಿ ಹುರುಳಿಕಾಳು ಜೋಡಿಸಿ, ಇವನು ಇಲ್ಲಿ, ಇವನು ಇಲ್ಲಿ ಎಂದು ತೋರಿಸುತ್ತಿದ್ದರು. ನನಗೆ ಅದರಲ್ಲಿ ಅರ್ಧ ಅರ್ಥವಾಗುತ್ತಿರಲಿಲ್ಲ, ಆದರೂ ಆ ಮಾತು ನಿಂತದ್ದರಿಂದ ನನಗೆ ಬಹಳ ನೋವಾಯಿತು.

ಅಷ್ಟರಲ್ಲಿ ನಾನು ಬಸುರಿಯಾಗಿದ್ದೆ. ಡಿಗ್ರಿ ಅರ್ಧಕ್ಕೆ ನಿಂತಿತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ನನ್ನ ತವರೋ ಎರಡು ಬೀದಿ ಆಚೆ. ಏಳನೇ ತಿಂಗಳಿಗೆ ಶಾಸ್ತ್ರ ಮಾಡಿ ಕರೆದುಕೊಂಡು ಹೋದರು. ಬೇಸಿಗೆ ಶುರುವಾಗುವ ಹೊತ್ತಿಗೆ ಹೆಣ್ಣುಮಗು ಹುಟ್ಟಿತು. ನಾನು ಬಾಣಂತಿ ಕೋಣೆಯಲ್ಲಿ ಬೆಚ್ಚಗೆ ಹೊದ್ದು ಮಲಗಿದ್ದಾಗ ನೆತ್ತಿಯ ಮೇಲೆ ವಿಮಾನಗಳು ಹಾರಲು ಶುರುವಾದವು. ಮೊದಮೊದಲು ಮಗು ಬೆಚ್ಚಿ ಬೀಳುತ್ತಿತ್ತು, ಆಮೇಲೆ ಅಭ್ಯಾಸವಾಯಿತು.

ಒಂದು ಭಾನುವಾರ ಅವರು ಬಂದು ಜಗಲಿಯಲ್ಲಿ ಅಪ್ಪನ ಮುಂದೆ ನಿಂತರು. ಕೂರಲಿಲ್ಲ. ಕಿಟಕಿಯಿಂದ ನನಗೆ ಕಾಣುತ್ತಿತ್ತು.

"ಏರ್‌ಪೋರ್ಟಲ್ಲಿ ಸೆಕ್ಯುರಿಟಿ ಕೆಲಸ ಆಗಿದೆ ಮಾವ. ದೇವನಹಳ್ಳೀಲಿ ಮನೆ ನೋಡಿದೀನಿ. ಬಾಣಂತನ ಮುಗೀತಿದ್ದಂಗೆ ಅವಳನ್ನೂ ಮಗೂನೂ ಕರ್ಕೊಂಡು ಹೋಗ್ತೀನಿ."

ಅಪ್ಪನ ಮುಖ ನೋಡಿದರೆ ಮನೆಯಲ್ಲಿ ಯಾರೋ ತೀರಿಕೊಂಡ ಹಾಗಿತ್ತು. ಆಮೇಲೆ ಮೆಲ್ಲಗೆ, "ಈ ಸಲದ ಟೂರ್ನಮೆಂಟ್ ಒಂದ್ ಮುಗಿಸ್ಕೊಂಡ್ ಹೋಗಿ ಅಳಿಯಂದ್ರೆ," ಅಂದರು.

"ಆಗಲ್ಲ ಮಾವ. ಮುಂದಿನ ವಾರವೇ ಸೇರ್ಕೋಬೇಕು."

"ಸರಿ. ಬಾಣಂತಿ ವಿಷ್ಯ ಹೆಂಗಸ್ರುದು. ಐದ್ನೇ ತಿಂಗ್ಳಿಗೆ ಕಳಿಸ್ಕೊಡ್ತೀವಿ," ಅಂದರು ಅಪ್ಪ.

ಬಾಣಂತಿಯನ್ನು ಬೆಸ ತಿಂಗಳಲ್ಲೇ ಗಂಡನ ಮನೆಗೆ ಕಳಿಸಬೇಕು, ಸಮ ತಿಂಗಳಲ್ಲಿ ಆಗದು. ಇದು ಎಲ್ಲರ ಮನೆಯ ಶಾಸ್ತ್ರ. ಮೂರನೇ ತಿಂಗಳಿಗೆ ಮಗು ಇನ್ನೂ ಎಳೆಯದು ಅಂದರು. ಐದನೇ ತಿಂಗಳು ಬಂದಾಗ ಆಷಾಢ. ಆಷಾಢದಲ್ಲಿ ಯಾರಾದರೂ ಹೆಣ್ಣು ಕಳಿಸುತ್ತಾರೆಯೇ? ಶ್ರಾವಣ ಬಂದಾಗ ಆರನೆಯದು, ಸಮ ತಿಂಗಳು. ಏಳನೆಯದರಲ್ಲಿ ಗೌರಿ ಹಬ್ಬ, ಹೆಣ್ಣುಮಗಳು ತವರಿನಲ್ಲಿ ಬಾಗಿನ ಪಡೆಯದೆ ಹೋಗಬಾರದು. ಹಬ್ಬ ಕಳೆದರೆ ಪಿತೃಪಕ್ಷ. ನಮ್ಮಪ್ಪ ಅಷ್ಟೊಂದು ಪಂಚಾಂಗ ನೋಡಿದ್ದನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಅವರ ಮನಸ್ಸಿನಲ್ಲಿ ಇದ್ದದ್ದು ಬೇರೆ ಪಂಚಾಂಗ. ಶ್ರಾವಣದಲ್ಲಿ ತಾಲ್ಲೂಕು ಪಂದ್ಯ, ಭಾದ್ರಪದದಲ್ಲಿ ಜಿಲ್ಲೆ. ಹೆಂಡತಿ ಮಗು ಇಲ್ಲಿದ್ದರೆ ವಾರದ ರಜೆಗಾದರೂ ಬರುತ್ತಾರೆ, ಬಂದಾಗ ಮೈದಾನಕ್ಕೆ ಕಳಿಸಬಹುದು.

ಬಂದರು, ಮೊದಲು. ಗಿಲಕಿ ತಂದರು, ಮಗುವಿಗೆ ಉಣ್ಣೆಯ ಟೋಪಿ ತಂದರು. ಕಾಫಿ ಲೋಟ ಕೈಗೆ ಬರುವಷ್ಟರಲ್ಲಿ ಅಧ್ಯಕ್ಷರು ಹಾಜರಾಗುತ್ತಿದ್ದರು. "ಹುಡುಗ್ರು ಕಾಯ್ತಾವ್ರೆ ಮೇಷ್ಟ್ರೇ, ಒಂದ್ ಗಳಿಗೆ ಬಂದ್ ಹೋಗಿ." ಅವರು ಹೋಗಿ ಬಿಸಿಲಲ್ಲಿ ನಿಂತು ಆಡಿಸಿ, ಸಂಜೆ ಬಸ್ಸಿಗೆ ಹೊತ್ತಾಯಿತೆಂದು ಹಾಗೆಯೇ ಹೊರಡುತ್ತಿದ್ದರು. ಮಗುವಿನ ಜೊತೆ ಕೂತದ್ದು ಆ ಕಾಫಿ ಆರುವಷ್ಟು ಹೊತ್ತು. ಒಂದು ಸಲ ನಾನೇ ಬಾಗಿಲಿಗೆ ಬಂದು ಅಧ್ಯಕ್ಷರಿಗೆ, "ಇವತ್ತು ಬರಲ್ಲ, ಮಗು ಜೊತೆ ಇರ್ತಾರೆ," ಅಂದೆ. ಅಪ್ಪ ನನ್ನನ್ನು ಗದರಿಸಿದರು. ಇವರು ಲೋಟ ಕೆಳಗಿಟ್ಟು ಎದ್ದು ಹೋದರು. ಆಮೇಲೆ ಬರುವುದು ಕಡಿಮೆಯಾಯಿತು. ಆಮೇಲೆ ನಿಂತೇಹೋಯಿತು. ಮನೆಯಲ್ಲಿದ್ದ ಫೋನು ಅಪ್ಪನ ಜೇಬಿನದು. ಅವರು ಮಾಡಿದರೂ ಮಾತಾಡುತ್ತಿದ್ದವರು ಅಪ್ಪ, ಮಾತೆಲ್ಲ ತಂಡದ್ದೇ.

ದಸರಾ ಕಳೆಯಿತು. ನಡೆಯುತ್ತಿದ್ದದ್ದು ಎಂಟನೇ ತಿಂಗಳು. ಒಂದು ಬೆಳಿಗ್ಗೆ ಅಪ್ಪ ಡೇರಿಗೆ ಹೋದ ಮೇಲೆ ನಾನು ಮಗುವಿನ ಬಟ್ಟೆಗಳನ್ನು ಚೀಲಕ್ಕೆ ತುಂಬಿದೆ. ಅಮ್ಮ ನೋಡಿದಳು. ಬುತ್ತಿ ಕಟ್ಟಲಿಲ್ಲ, ಅಳಲಿಲ್ಲ.

"ಹೋಗು," ಅಂದಳು. "ತಿಂಗ್ಳು ನೋಡ್ಬೇಡ."

ದೊಡ್ಡಬಳ್ಳಾಪುರದಲ್ಲಿ ಬಸ್ಸು ಬದಲಿಸಿ ದೇವನಹಳ್ಳಿಯಲ್ಲಿ ಇಳಿದೆ. ಅವರು ಒಮ್ಮೆ ಹೇಳಿದ್ದ ಬೀದಿಯ ಗುರುತು ಕೇಳಿಕೊಂಡು ಹೋದೆ. ಸಾಲು ಮನೆಗಳ ವಠಾರ, ಒಂದೊಂದು ಬಾಗಿಲಲ್ಲೂ ಒಂದೊಂದು ಜೊತೆ ಕರೀ ಬೂಟು. ಬಾಗಿಲು ತಟ್ಟಿದೆ. ಭಯವಿರಲಿಲ್ಲ, ಸಂತೋಷವಿತ್ತು. ಹುಟ್ಟಿದಾಗಿನಿಂದ ನಾನೇ ತೀರ್ಮಾನಿಸಿ ಮಾಡಿದ ಮೊದಲನೇ ಕೆಲಸ ಅದು.

ರಾತ್ರಿ ಪಾಳಿ ಮುಗಿಸಿ ಮಲಗಿದ್ದವರು ಎದ್ದು ಬಂದು ಬಾಗಿಲು ತೆರೆದರು. ನನ್ನನ್ನು ನೋಡಿದರು, ಮಗುವನ್ನು ನೋಡಿದರು. ಆಮೇಲೆ ನನ್ನ ಭುಜದ ಮೇಲಿಂದ ಬೀದಿಯ ಎರಡೂ ಕಡೆ ನೋಡಿದರು.

"ಯಾರ್ ಕಳಿಸಿದ್ರು?"

"ಯಾರೂ ಇಲ್ಲ. ನಾನೇ ಬಂದೆ."

"ನಿಮ್ಮಪ್ಪ ಎಲ್ಲಿ? ಬಸ್‌ಸ್ಟ್ಯಾಂಡಲ್ಲಿದಾರಾ?"

"ಅಪ್ಪಂಗೆ ಗೊತ್ತೇ ಇಲ್ಲ."

ಅವರು ನಕ್ಕರು. ಕೆಟ್ಟ ನಗುವಲ್ಲ, ದಣಿದ ನಗು. "ಒಳಗ್ ಬಾ, ಮಗೂಗೆ ಬಿಸಿಲು," ಅಂದರು.

ಹಾಲು ತಂದು ಕಾಯಿಸಿದರು. ಮಗುವನ್ನು ಎತ್ತಿಕೊಂಡರೆ ಅದು ಗುರುತು ಸಿಗದೆ ಕಿರುಚಿಕೊಂಡಿತು, ವಾಪಸು ಕೊಟ್ಟರು. ಗೋಡೆಯ ಮೊಳೆಗೆ ಇಸ್ತ್ರಿ ಮಾಡಿದ ಸಮವಸ್ತ್ರ ತೂಗುತ್ತಿತ್ತು. ನಾನು ಚೀಲವನ್ನು ಮೂಲೆಯಲ್ಲಿಟ್ಟು, ಇರುವುದಕ್ಕೆ ಬಂದಿದ್ದೇನೆ ಅಂದೆ.

"ನಾಳೆ ನಿಮ್ಮಪ್ಪ ಬರ್ತಾರೆ," ಅಂದರು. "ಆಮೇಲೆ ಅಧ್ಯಕ್ಷರು ಬರ್ತಾರೆ. ಮಗು ನೋಡೋಕೆ ಅಂತ. ಭಾನುವಾರ ಭಾನುವಾರ ಬಂದ್ ಹೋಗಿ ಅಂತಾರೆ. ಮತ್ತೆ ನಾನು ಆ ಮೈದಾನದಲ್ಲಿ ನಿಂತಿರ್ತೀನಿ, ಹುಡುಗ್ರು ಬಾವ ಬಾವ ಅಂತ ನಗ್ತಿರ್ತಾರೆ."

"ಬಂದ್ರೆ ನಾನೇ ವಾಪಸ್ ಕಳಿಸ್ತೀನಿ."

"ನೀನಾ?" ಅಂದರು. "ನಿನ್ನನ್ನ ಇಲ್ಲೀವರ್ಗೂ ಬಿಟ್ಟಿದ್ದೇ ಅದಕ್ಕೆ ಕಣೇ. ನಿಂಗೆ ಗೊತ್ತಿಲ್ದೆ ಇರ್ಬೋದು. ಆವತ್ತು ಗೊತ್ತಿತ್ತು, ಇವತ್ತು ಗೊತ್ತಿಲ್ಲ, ಅಷ್ಟೇ ವ್ಯತ್ಯಾಸ."

ನಾನು ನಾನಾಗಿಯೇ ಬಂದೆ ಎಂದು ಎಷ್ಟು ರೀತಿಯಲ್ಲಿ ಹೇಳಬಹುದೋ ಅಷ್ಟೂ ರೀತಿಯಲ್ಲಿ ಹೇಳಿದೆ. ಅತ್ತುಬಿಟ್ಟೆ. ಬೈದೆ ಕೂಡ. ಅವರು ನನ್ನನ್ನು ತಡೆಯಲಿಲ್ಲ, ನಂಬಲೂ ಇಲ್ಲ. ನನ್ನ ಮಾತಿನಲ್ಲಿ ಅವರಿಗೆ ಕೇಳಿಸುತ್ತಿದ್ದದ್ದು ಕಮಿಟಿಯ ದನಿಯೇ. ಹಠ ಮಾಡಿ ಅಲ್ಲೇ ಕೂರಬಹುದಿತ್ತು. ಹೆಂಡತಿ ಮಗುವನ್ನು ಬೀದಿಗೆ ತಳ್ಳುವ ಮನುಷ್ಯ ಅಲ್ಲ ಅವರು. ಆದರೆ ಒಬ್ಬರನ್ನು ಹಾಗೆ ಹಿಡಿದಿಟ್ಟರೆ ಏನಾಗುತ್ತದೆಂದು ನಾನು ಮನೆಯಲ್ಲೇ ಕಂಡಿದ್ದೆ. ಇನ್ನೊಂದು ಸಲ ನಾನು ಆ ಕೆಲಸಕ್ಕೆ ಒದಗುವವಳಲ್ಲ.

ಸಂಜೆ ಅವರೇ ಬಸ್ ನಿಲ್ದಾಣಕ್ಕೆ ಬಂದು ಚೀಲ ಎತ್ತಿ ಕೊಟ್ಟರು. ಬಸ್ಸು ಹೊರಡುವ ಮುಂಚೆ ಕಿಟಕಿಯ ಹತ್ತಿರ ಬಂದು, "ಈ ವರ್ಷ ಗೋಲಲ್ಲಿ ಯಾರು ನಿಂತ್ರು?" ಎಂದು ಕೇಳಿದರು. ಗೊತ್ತಿಲ್ಲ ಅಂದೆ. ಗೊತ್ತಿತ್ತು, ಹೇಳಲು ಮನಸ್ಸು ಬರಲಿಲ್ಲ.

ಊರು ತಲುಪಿದಾಗ ದೀಪ ಹಚ್ಚುವ ಹೊತ್ತು. ಬಸ್ ನಿಲ್ದಾಣದ ಅರಳಿಕಟ್ಟೆಯ ಮೇಲೆ ಅಪ್ಪ, ಅಧ್ಯಕ್ಷರು, ಕಮಿಟಿಯ ಇನ್ನಿಬ್ಬರು ಕೂತಿದ್ದರು. ಅಮ್ಮ ಹೇಳಿರಬೇಕು, ಇಲ್ಲವೇ ಕಂಡಕ್ಟರ್ ಹೇಳಿರಬೇಕು. ಹೊಡೆದರೂ ಹೊಡೆಯುತ್ತಾರೆಂದು ನಾನು ಮಗುವನ್ನು ಅವುಚಿಕೊಂಡು ಇಳಿದೆ. ಅಪ್ಪನ ಮುಖದಲ್ಲಿ ಸಿಟ್ಟಿರಲಿಲ್ಲ. ಎದ್ದು ಓಡಿಬಂದು ನನ್ನ ಕೈಯಿಂದ ಚೀಲ ಇಸಿದುಕೊಂಡರು. ಅಷ್ಟು ಅಕ್ಕರೆಯಿಂದ ಅವರು ನನ್ನನ್ನು ನೋಡಿದ್ದು ನನಗೆ ನೆನಪಿಲ್ಲ.

"ನಾವ್ ಹೇಳ್ದಿದ್ರೂ ನೀನೇ ಹೋದ್ಯಲ್ಲವ್ವಾ," ಅಂದರು. "ಏನಂದ್ರು? ಬರ್ತಾರಂತಾ?"

"ನಾನು ಹೋಗಿದ್ದು ಅದಕ್ಕಲ್ಲಪ್ಪ," ಅಂದೆ. "ನಾನು ಅವ್ರ ಜೊತೆ ಇರೋಕೆ ಹೋಗಿದ್ದೆ. ಇಟ್ಕೊಳ್ಳಲಿಲ್ಲ."

ಕಟ್ಟೆಯ ಮೇಲಿದ್ದವರೆಲ್ಲ ಎದ್ದು ಹತ್ತಿರ ಬಂದಿದ್ದರು. ಅಪ್ಪ ಒಂದು ಸಲ ಅವರ ಕಡೆ, ಒಂದು ಸಲ ನನ್ನ ಕಡೆ ನೋಡಿದರು.

"ಅದಿರ್ಲಿ," ಅಂದರು. "ಬರ್ತಾರಂತಾ?"